ಬಾಯಿಯವರ ಕೆಂಪು ಶರಬತ್ತು

ಮೊಮ್ಮಕ್ಕಳೇ, ಪೂರ್ಣಿಮಾ, ನಾಗೇಶ, ಒಳ್ಳೆಯ ಮಾವಿನಹಣ್ಣನ್ನು ಹೆಚ್ಚಿ ವೈನಿನಲ್ಲಿ ಮುಳುಗಿಸು ಎಂದು ಒಬ್ಬ ಹೆಂಗಸು ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಕುಮಟಾದಲ್ಲಿ. ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ಕೈಯಲ್ಲಿದ್ದ ಚಾಕು ಹಾಗೆಯೇ ನಿಂತಿತು. ನಮ್ಮ ಮೀನುಗಾರರ ಊರು ಕಾಸರಕೋಡದಲ್ಲಿ ಕುಡಿಯುವ ಗಂಡಸರಿದ್ದರು, ಅವರಿಗೆ ಬೈಯುವ ಹೆಂಗಸರಿದ್ದರು. ಕುಡಿಯುವುದಕ್ಕೆ ಹಣ್ಣು ಹೆಚ್ಚಿ ಕೊಡುವ ಹೆಂಗಸು ಇರಲಿಲ್ಲ.

ನಾನು ಕುಮಟೆಗೆ ಹೋದದ್ದು ಯಾಕೆಂದು ಮೊದಲು ಹೇಳುತ್ತೇನೆ. ನಿಮ್ಮ ಅಜ್ಜ ಕಾಮಾಲೆಯಲ್ಲಿ ತೀರಿಕೊಂಡ ವರ್ಷವೇ ಅವರ ಅಣ್ಣ, ಜಟ್ಟಪ್ಪ ಭಾವ, ನಿಮ್ಮ ತಾಯಿ ಲಲಿತೆಯನ್ನು ಶಾಲೆ ಬಿಡಿಸಿ ಮೀನು ಒಣಗಿಸುವುದಕ್ಕೆ ಹಚ್ಚಬೇಕೆಂದು ಹಟ ಹಿಡಿದರು. ನನಗೆ ಅವರೆದುರು ತಲೆಯೆತ್ತಿ ಮಾತಾಡಿ ಗೊತ್ತಿರಲಿಲ್ಲ. ಆದರೂ ಕುಮಟಾದ ಒಂದು ದೊಡ್ಡ ಮನೆಯಲ್ಲಿ ಅಡುಗೆ ಕೆಲಸ, ಇರಲು ಕೋಣೆ, ಹತ್ತಿರವೇ ಶಾಲೆ ಎಂದು ಗೊತ್ತಾದಾಗ ಹೊರಟುಬಿಟ್ಟೆ. ಭಾವ ಬಸ್ಸಿನ ಹತ್ತಿರ ಬಂದು ಹೇಳಿದರು: “ಹೋಗು. ಒಂದೇ ಒಂದು ಕೆಟ್ಟ ಮಾತು ನನ್ನ ಕಿವಿಗೆ ಬಿದ್ರೆ ಹುಡ್ಗಿಯ ಎಳ್ಕಂಡೇ ಬರೂದು.”

ಕೋಣೆ ಎಂದರೆ ಮನೆಯ ಹಿಂದೆ ತೆಂಗಿನಸಿಪ್ಪೆ ತುಂಬಿಡುತ್ತಿದ್ದ ಜಾಗ. ಕಾಸರಕೋಡದಲ್ಲಿ ಬೆಳಗಾದರೆ ನಾಲ್ಕು ಮನೆಯ ಬಾಯಿ ಒಂದೇ ಸಲ ತೆರೆಯುತ್ತದೆ. ಇಲ್ಲಿ ಪಕ್ಕದವರು ಬಾಗಿಲಿಗೆ ಅಗಳಿ ಹಾಕಿ ಉಣ್ಣುತ್ತಿದ್ದರು. ಮನೆಯೊಳಗೆಲ್ಲ ಕೊಂಕಣಿ. ಉದಾಕ್ ಎಂದರೆ ನೀರು ಎಂದು ತಿಳಿಯುವ ಮೊದಲು ಎರಡು ಸಲ ಬೈಸಿಕೊಂಡೆ. ಸಾರಿಗೆ ಒಂದಿಷ್ಟು ಹುಳಿ ಹೆಚ್ಚಾದರೆ, “ಇದು ಬೋಟಿನವರ ಸಾರು” ಎನ್ನುತ್ತಿದ್ದರು. ಬೋಟಿನವರ ಸಾರನ್ನು ಎರಡೆರಡು ಸಲ ಬಡಿಸಿಕೊಳ್ಳುತ್ತಲೂ ಇದ್ದರು. ಆದರೆ ಲಲಿತಾ ದಿನಾ ಶಾಲೆಗೆ ಹೋದಳು. ಉಳಿದದ್ದನ್ನೆಲ್ಲ ನಾನು ನುಂಗಿಕೊಂಡೆ.

ಮನೆಯ ಯಜಮಾನರು ಹಡಗಿನಲ್ಲಿ ಅಡುಗೆಯವರ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. ಅವರ ಹೆಂಡತಿಯನ್ನು ಎಲ್ಲರೂ ಬಾಯಿ ಎನ್ನುತ್ತಿದ್ದರು. ಆ ಮೇ ತಿಂಗಳಲ್ಲಿ ಬೊಂಬಾಯಿಯಿಂದ ನೆಂಟರು ಬರುವವರಿದ್ದರು. ಬಾಯಿ ಸೊಂಟದ ಬೀಗದಕೈ ತೆಗೆದು ಕಪಾಟು ತೆರೆದು, ಗೋವೆಯಿಂದ ತರಿಸಿದ ಎರಡು ಬಾಟಲಿ ಕೆಂಪು ವೈನನ್ನು ಉಪ್ಪಿನಕಾಯಿಯ ದೊಡ್ಡ ಭರಣಿಗೆ ಸುರಿದರು. ನಾನು ಮಾವು, ಅನಾನಸು ಸಣ್ಣಗೆ ಹೆಚ್ಚಿ ಹಾಕಿದೆ. ಲಿಂಬೆಯನ್ನು ಸಿಪ್ಪೆಸಮೇತ ಬಿಲ್ಲೆ ಮಾಡಿ ಹಾಕಬೇಕಂತೆ. ಬೀಜ ಉಳಿದರೆ ಕಹಿ. ಮೇಲೆ ಒಂದು ಲೋಟ ಸಕ್ಕರೆ. ಬೆಳಗ್ಗೆ ನೆನೆಸಿದ್ದನ್ನು ಸಂಜೆ ಗೋಲಿಸೋಡಾ ಬೆರೆಸಿ ಕೊಡುವುದು.

“ಪಳೆ, ನೋಡು ಮಾದೇವಿ, ಇದು ದಾರು ಅಲ್ಲ. ಶರಬತ್ತು,” ಎಂದರು ಬಾಯಿ. “ಕೊನೆಗೆ ಇದರೊಳಗೆ ಐಸು ಹಾಕಿಬಿಡು.”

ಮನೆಯ ಫ್ರಿಜ್ಜು ಕೆಟ್ಟಿತ್ತು. ನನಗೆ ಗೊತ್ತಿದ್ದ ಐಸು ಒಂದೇ: ಮೀನಿನ ಲಾರಿಯದು. ಕಾಸರಕೋಡದ ಈಶ್ವರ ಅದೇ ರಸ್ತೆಯಲ್ಲಿ ಲಾರಿ ಹೊಡೆಯುತ್ತಿದ್ದ. ಕೈ ಅಡ್ಡ ಹಾಕಿ ನಿಲ್ಲಿಸಿ ಒಂದು ಗಡ್ಡೆ ಕೇಳಿದೆ.

“ಐಸು ಎಂತಕ್ಕೆ ಅಕ್ಕಾ? ಮೀನು ಎಲ್ಲಿ ಅದೆ?”

“ಮೀನಿಗಲ್ಲ ಮಾರಾಯ, ಬಾಯಿಯವರ ವೈನಿಗೆ.”

ಸುಳ್ಳು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಈಶ್ವರ ನಕ್ಕು, “ಆತು ಬಿಡು, ಅಕ್ಕ ದೊಡ್ಡ ಮನ್ಸಿ ಆದ್ಲು,” ಎಂದು ಹೊರಟ.

ನಾವು ಮೀನುಗಾರರು ಐಸನ್ನು ಬಾಯಿಗೆ ಹಾಕುವುದಿಲ್ಲ. ಅದು ಯಾವ ಬುಟ್ಟಿಯಲ್ಲಿ ಬಿದ್ದಿತ್ತೆಂದು ನಮಗೆ ಗೊತ್ತು. ಬಾಯಿಯವರ ಮಾತು ಮೀರಿ ಐಸನ್ನು ಪುಡಿ ಮಾಡಿ, ಕಲ್ಲುಪ್ಪು ಬೆರೆಸಿ, ಭರಣಿಯ ಸುತ್ತ ಬುಟ್ಟಿಯಲ್ಲಿ ತುಂಬಿ ಗೋಣಿ ಹೊದೆಸಿದೆ, ಬಂಗಡೆಯನ್ನು ದೂರದ ಪೇಟೆಗೆ ಕಳಿಸುವ ಹಾಗೆ. ಸಂಜೆಗೆ ಭರಣಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಒಳಗೆ ಒಂದು ಹನಿ ನೀರು ಸೇರಿರಲಿಲ್ಲ. ನೆಂಟರು ಹಣ್ಣಿನ ಹೋಳನ್ನೂ ಬಿಡಲಿಲ್ಲ. ಬಾಯಿ ಸ್ಟೀಲಿನ ಲೋಟದಲ್ಲಿ ನಾಲ್ಕು ಸಲ ಕುಡಿದರು. “ಎಲ್ಲ ನನ್ನ ಕೈಯದೇ,” ಎಂದರು. ನಾನು ಬಾಗಿಲ ಹಿಂದೆ ನಿಂತು ಖುಷಿಪಟ್ಟೆ. ಎಂಥ ದಡ್ಡಿ!

ಲಾರಿ ಊರು ಮುಟ್ಟುವುದರೊಳಗೆ ವೈನು ಸರಾಯಿ ಆಗಿತ್ತು. ಮೂರು ದಿನದಲ್ಲಿ, ಜಟ್ಟಪ್ಪನ ತಮ್ಮನ ಹೆಂಡತಿ ಕುಮಟೆಯಲ್ಲಿ ಗಂಡಸರಿಗೆ ಸರಾಯಿ ಹೊಯ್ಯುತ್ತಾಳೆ ಎಂದಾಗಿತ್ತು. ನಾಲ್ಕನೆಯ ದಿನ ಭಾವ ಅಂಗಳದಲ್ಲಿ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೇ ಅವರ ಬಾಯಿ ಸರಾಯಿ ವಾಸನೆ ಹೊಡೆಯುತ್ತಿತ್ತು. ಅವರ ಮರ್ಯಾದೆ ಹೋದದ್ದು ಮಾತ್ರ ನನ್ನಿಂದ!

“ಲಲಿತಾ, ಚೀಲ ಕಟ್ಟು.”

ಹುಡುಗಿ ನನ್ನ ಸೆರಗು ಹಿಡಿದು ನಿಂತಳು. ನಾನು ಬಾಯಿಯವರ ಮುಖ ನೋಡಿದೆ. “ನಾನೇ ಮಾಡಿಸಿದ್ದು, ಅವಳು ಹಣ್ಣು ಹೆಚ್ಚಿದ್ದಷ್ಟೇ” ಎಂದು ಅವರು ಹೇಳಬಹುದಿತ್ತು. ಇಷ್ಟು ಮಾತು ಸಾಕಿತ್ತು. ಬಾಯಿ ಏನೆಂದರು ಗೊತ್ತೇ? “ನಮ್ಮದು ದೇವರ ಮನೆ. ಇಲ್ಲಿ ಅಂಥದ್ದೆಲ್ಲ ಬರುವುದಿಲ್ಲ. ಹಿಂದಿನ ಕೋಣೆಯಲ್ಲಿ ಅವಳು ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ.”

ಇಷ್ಟು ವರ್ಷವಾದರೂ ಇದನ್ನು ಹಾಳೆ ಹರಿಯುವಷ್ಟು ಒತ್ತಿ ಬರೆಯುತ್ತಿದ್ದೇನೆ.

ಆ ದಿನ ನನ್ನ ಬಾಯಿ ಬಿಚ್ಚಿಕೊಂಡಿತು. ಅಂಗಳದಲ್ಲೇ ನಿಂತು, ಪಕ್ಕದವರೆಲ್ಲ ಅಗಳಿ ತೆಗೆಯುವಷ್ಟು ಗಟ್ಟಿಯಾಗಿ ಹೇಳಿದೆ: “ಭಾವ, ಕೇಳಿ. ಬಾಟ್ಲಿ ಎರಡು, ಗೋವೆದು. ಕಪಾಟಿನ ಬೀಗದಕೈ ಯಾರ ಸೊಂಟದಲ್ಲಿ ಅದೆ ನೋಡಿ. ಮಾವು, ಅನಾನಸು, ಲಿಂಬೆ ನಾ ಹೆಚ್ಚಿದೆ. ಸಕ್ರೆ ಇವ್ರು ಹಾಕಿದ್ರು. ಸ್ಟೀಲಿನ ಲೋಟದಲ್ಲಿ ನಾಲ್ಕು ಸಲ ಇವ್ರೇ ಕುಡದ್ರು. ನಾ ಒಂದು ಹನಿ ಮುಟ್ಟಲಿಲ್ಲ. ನೀವು ಎಂತ ಕುಡ್ದು ನನ್ನ ಮರ್ಯಾದಿ ಕೇಳೂಕೆ ಬಂದ್ರಿ, ಅದನ್ನೂ ಹೇಳ್ಲಾ?”

ಬಾಗಿಲಲ್ಲಿ ನಿಂತ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಭಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, “ನಿನ್ನ ಬಾಯಿಗೆ ಹೆದ್ರೂದೇ ಸೈ,” ಎಂದು ಒಬ್ಬರೇ ಹೊರಟುಹೋದರು. ನನಗೆ ಅದೇ ಸಂಜೆ ಕೆಲಸ, ಕೋಣೆ ಎರಡೂ ಹೋದವು. ಲಲಿತಾ ನನ್ನ ಹತ್ತಿರವೇ ಉಳಿದಳು. ಪೇಟೆಯ ಖಾನಾವಳಿಯೊಂದರಲ್ಲಿ ಮೀನು ಸಾರು ಮಾಡುತ್ತ, ಅದರ ಮಾಳಿಗೆಯಲ್ಲಿದ್ದುಕೊಂಡು ನಿಮ್ಮ ತಾಯಿಯನ್ನು ಕಾಲೇಜು ಮುಟ್ಟಿಸಿದೆ.

ಈಗಲೂ ಕಾಸರಕೋಡಕ್ಕೆ ಹೋದರೆ “ಕುಮಟೆಯವಳು ಬಂದ್ಲು” ಎನ್ನುತ್ತಾರೆ. ಕುಮಟೆಯಲ್ಲಿ ನಾನು ಇವತ್ತಿಗೂ ಬೋಟಿನವರ ಮಾದೇವಿ. ಕಾಸರಕೋಡದ ಮದುವೆಮನೆಗಳಲ್ಲಿ ನನ್ನನ್ನು ಕಂಡು ಹೆಂಗಸರು ಮಾತು ನಿಲ್ಲಿಸುವುದಿದೆ. ಇಲ್ಲಿ ಕುಮಟೆಯಲ್ಲಿ ಆ ದೊಡ್ಡ ಮನೆಯವರು ಎದುರು ಬಂದರೆ ರಸ್ತೆಯ ಆಚೆ ದಾಟುತ್ತಾರೆ. ಎರಡೂ ಊರು ನನ್ನವೇ, ಎರಡರ ಮೇಲೂ ನನಗೆ ಸಿಟ್ಟಿದೆ.

ನಾಳೆ ನಾನಿಲ್ಲದಾಗ ಯಾರಾದರೂ ನಿಮ್ಮೆದುರು, ನಿಮ್ಮ ಅಜ್ಜಿ ಸರಾಯಿ ಹೊಯ್ದು ಮಗಳನ್ನು ಓದಿಸಿದಳು ಎಂದು ಹೇಳಿಯೇ ಹೇಳುತ್ತಾರೆ. ನೀವು ಜಗಳ ಮಾಡಬೇಡಿ. ಈ ಹಾಳೆಗಳನ್ನು ನೆನೆಯದಂತೆ, ಗೆದ್ದಲು ಹತ್ತದಂತೆ ಕಾದಿಡಿ. ಅಂಥವರ ಕೈಗೆ ಕೊಟ್ಟು, ಗಟ್ಟಿಯಾಗಿ ಓದಲು ಹೇಳಿ.