ರೇಡಿಯೇಟರಿಗೆ ಹಾಕಿದ ರಾಗಿ ಹಿಟ್ಟು

ಕೊತ್ತತ್ತಿಯ ಪುಟ್ಟೇಗೌಡರ ಕಾರನ್ನು ಕೆಡಿಸಿದವನು ನಾನು. ಮಂಡ್ಯದ ಮೆಕ್ಯಾನಿಕ್ ಚೆನ್ನಾಚಾರಿ ಅಲ್ಲ. ಐದು ವರ್ಷದ ಹಿಂದೆ ಆ ಕಾರಿನ ರೇಡಿಯೇಟರಿನೊಳಕ್ಕೆ ಎರಡು ಹಿಡಿ ರಾಗಿ ಹಿಟ್ಟು ಸುರಿದೆ — ಸುರಿದು, ಆಮೇಲೆ ಜನದ ಮುಂದೆ ಇಲ್ಲ ಅಂದೆ.

ಇದನ್ನು ಮೊದಲೇ ಬರೆದುಬಿಟ್ಟೆ. ಸುತ್ತಿ ಬಳಸಿ ಬಂದರೆ ನಡುವೆ ಎಲ್ಲಾದರೂ ತಪ್ಪಿಸಿಕೊಂಡುಬಿಡುತ್ತೇನೆ.

ನಾನು ತಾತನಾಗಿ ಇವತ್ತಿಗೆ ಹದಿನೆಂಟು ದಿನ. ಮಗಳು ಸಾಕಮ್ಮ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಳೆ; ಹೆಣ್ಣು ಕೂಸು. ಅದರ ಕಿವಿ ನಮ್ಮವ್ವನ ಕಿವಿ, ಆಕಳಿಸುವುದು ಸಾಕ್ಷಾತ್ ನನ್ನ ಹಾಗೆ. ದಿನಕ್ಕೆ ಹತ್ತು ಸಲ ಕೋಣೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ನನ್ನ ಹೆಂಡತಿ ಕೆಂಪಮ್ಮ, “ಅತ್ಲಾಗ್ ಓಗಿ, ಲಾರಿ ಎಣ್ಣೆ ವಾಸ್ನೆ ಒಡೀತದೆ” ಎಂದು ಓಡಿಸುತ್ತಾಳೆ. ಓಡಿಸಿಕೊಂಡು ನಗುತ್ತಾ ಬರುತ್ತೇನೆ. ಹೋದ ವಾರ ನಾಲೆ ಏರಿಯ ಮೇಲೆ ಗುರುತಿಲ್ಲದವರೊಬ್ಬರನ್ನು ನಿಲ್ಲಿಸಿ ಮೊಮ್ಮಗಳ ವಿಷಯ ಹೇಳಿದೆ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಈ ಸಂತೋಷವೇ — ಹೇಗೆ ಹೇಳಲಿ — ತುಂಬಿ ಬಂದು, ತಳದಲ್ಲಿ ಕೂತಿದ್ದನ್ನೂ ಮೇಲಕ್ಕೆ ಎತ್ತಿತು.

ಅದು ಯುದ್ಧದ ಕಾಲ. ಸರ್ಕಾರದ ಚೀಟಿ ಇದ್ದರೆ ಮಾತ್ರ ಪೆಟ್ರೋಲು. ನಾನು ಗೌಡರ ಕಾರಿನ ಡ್ರೈವರ್. ಹಳೆಯ ಕಾರು, ರೇಡಿಯೇಟರಿನಲ್ಲಿ ಸೋರಿಕೆ. ಇಂಜಿನ್ನನ್ನು ತಣ್ಣಗಿಡುವ ನೀರು ಅದರಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮಂಡ್ಯದ ದೊಡ್ಡ ರಸ್ತೆ ಪಕ್ಕ ಚೆನ್ನಾಚಾರಿಯ ಶೆಡ್ಡು ಇತ್ತು. ಅವರಪ್ಪ ಎತ್ತಿನ ಗಾಡಿ ಮಾಡುತ್ತಿದ್ದವರು. ಇವರು ಬೆಂಗಳೂರಿಗೆ ಹೋಗಿ ಮೋಟಾರು ಕೆಲಸ ಕಲಿತು ಬಂದಿದ್ದರು. ಎರಡು ಸಲ ಬೆಸುಗೆ ಹಾಕಿದರು. ಎರಡು ಸಲವೂ ಸೋರಿತು. ಮೂರನೇ ಸಲ ನಾನೇ ಜೋರು ಮಾಡಿದೆ.

“ಆಚಾರ್ರೇ, ಇದೇನ್ ಕಾರೋ ಜರಡಿಯೋ? ಗೌಡ್ರು ನನ್ನ ಉಗೀತಾವ್ರೆ.”

ಅವರು ಸಿಟ್ಟಾಗಲಿಲ್ಲ. “ಬೆಸುಗೆಗೆ ತವರ ಸಿಕ್ತಿಲ್ಲ ಕಣಯ್ಯ ನಿಂಗಯ್ಯ, ಎಲ್ಲಾ ಯುದ್ಧಕ್ಕೇ ಓಯ್ತಾ ಅದೆ. ಇದ್ದಿದ್ದರಲ್ಲಿ ಆಕಿವ್ನಿ. ಒಂದ್ ಮೂಲೆ ಇನ್ನೂ ಜಿನುಗ್ತದೆ. ಮಂಗಳವಾರ ತವರ ಬತ್ತದೆ, ತಗಂಡ್ ಬಾ. ಅಲ್ಲೀಗಂಟ ಎರಡು ಮೈಲಿಗೊಂದ್ ಸಲ ನಿಲ್ಸಿ ನೀರು ಉಯ್ಯಿ. ನೀರು ಬುಟ್ಟು ಬೇರೆ ಏನೂ ಆಕ್‌ಬ್ಯಾಡ.”

ಇದ್ದದ್ದು ಇದ್ದ ಹಾಗೆ ಹೇಳಿದರು. ಕೆಲಸ ಪೂರ್ತಿ ಆಗಿಲ್ಲ ಎಂದು ತಾವಾಗಿಯೇ ಒಪ್ಪಿಕೊಂಡರು. ನಾನು ಆ ಮಾತನ್ನು ಗೌಡರಿಗೆ ತಲುಪಿಸಲಿಲ್ಲ.

ಭಾನುವಾರ ಗೌಡರ ಮಗನಿಗೆ ಹೆಣ್ಣು ನೋಡಲು ಮದ್ದೂರಿಗೆ ಹೊರಡಬೇಕಿತ್ತು. ರೇಷ್ಮೆ ಉಟ್ಟವರನ್ನು ಕೂರಿಸಿಕೊಂಡು ಎರಡು ಮೈಲಿಗೊಂದು ಸಲ ಇಳಿದು, ಬಿಂದಿಗೆ ಹಿಡಿದು ಹಳ್ಳ ಹುಡುಕುವುದು — ನನಗೆ ಅದು ಅವಮಾನವೆನಿಸಿತು. ಬೆಳಗ್ಗೆ ಅಡುಗೆಮನೆಯಲ್ಲಿ ಕೆಂಪಮ್ಮ ಹೊಸ ಮಡಕೆ ಪಳಗಿಸುತ್ತಿದ್ದಳು. ನಮ್ಮ ಕಡೆ ಹೊಸ ಮಡಕೆ ಜಿನುಗಿದರೆ ಅದರಲ್ಲಿ ರಾಗಿ ಗಂಜಿ ಕಾಯಿಸುತ್ತಾರೆ. ಹಿಟ್ಟು ಹೋಗಿ ಸಂದಿಯಲ್ಲೆಲ್ಲ ಕೂತು ಮಡಕೆ ಗಟ್ಟಿಯಾಗುತ್ತದೆ. ಅದನ್ನು ನೋಡುತ್ತಾ ನಿಂತೆ. ಮಡಕೆಗೆ ಆಗುವುದು ತಗಡಿಗೆ ಯಾಕಾಗಬಾರದು ಎನ್ನಿಸಿತು. ಅವಳು ಹಿತ್ತಲಿಗೆ ಹೋದಾಗ ಎರಡು ಹಿಡಿ ಹಿಟ್ಟು ತೆಗೆದು ಪಂಚೆಯ ಮಡಿಲಿಗೆ ಹಾಕಿಕೊಂಡೆ.

ಸೋರುವುದು ನಿಂತಿತು. ಅದೇ ನನ್ನನ್ನು ಕೆಡಿಸಿದ್ದು. ಮಂಡ್ಯ ದಾಟಿದರೂ ಕಾರಿನ ಕೆಳಗೆ ಒಂದು ತೊಟ್ಟಿಲ್ಲ. ಬೆಂಗಳೂರಿಗೆ ಹೋಗಿ ಕಲಿತ ಆಚಾರಿಗೆ ಬಾರದ್ದು ನನಗೆ ಬಂತಲ್ಲ ಎಂದು ಮೀಸೆಯಲ್ಲೇ ನಕ್ಕೆ. ಸೋರದೇ ಇದ್ದ ಮೇಲೆ ನೀರು ಯಾಕೆ ನೋಡಬೇಕು? ನೋಡಲಿಲ್ಲ. ಗೆಜ್ಜಲಗೆರೆ ದಾಟುವ ಹೊತ್ತಿಗೆ ಒಳಗೆ ಅಂಬಲಿ ಕುದಿದು, ಗಟ್ಟಿಯಾಗಿ, ನೀರು ಹರಿಯುವ ಸಣ್ಣ ಕೊಳವೆಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ದೊಡ್ಡದಾಗಿ ಒಂದು ಶಬ್ದ. ಇಂಜಿನ್ನು ಸೀಳು ಬಿಟ್ಟು ನಿಂತಿತು.

ಗೌಡರ ಮನೆಯವರು ಕಬ್ಬು ಇಳಿಸಿ ಬರುತ್ತಿದ್ದ ಖಾಲಿ ಗಾಡಿ ಹತ್ತಿ ಮದ್ದೂರಿಗೆ ಹೋದರು. ರೇಷ್ಮೆ ಸೀರೆಗೆಲ್ಲ ಕಬ್ಬಿನ ಒಣಗರಿಯ ರವದಿ. ಅವರು ಮರೆಯಾದ ಮೇಲೆ ನಾನು ಗದ್ದೆಯ ಕಾಲುವೆಯಿಂದ ನೀರು ಹೊತ್ತು ತಂದು ರೇಡಿಯೇಟರನ್ನು ತೊಳೆದೆ. ತೊಳೆದೆ ಎಂದರೆ — ಗುರುತು ಅಳಿಸಿದೆ. ಆಗಲೇ ನನ್ನ ಮನಸ್ಸಿನಲ್ಲಿ ಏನಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮಾರನೆಯ ದಿನ ಕಾರಿಗೆ ಎತ್ತು ಕಟ್ಟಿ ಮಂಡ್ಯಕ್ಕೆ ಎಳೆಸಿದೆವು. ರಸ್ತೆಯುದ್ದಕ್ಕೂ ಜನ. “ನೋಡ್ಲಾ, ಗೌಡ್ರು ಪೆಟ್ರೋಲ್ ಚೀಟಿ ಉಳಿಸ್ತಾವ್ರೆ!” ಎಂದು ಯಾರೋ ಕೂಗಿದರು. ಗೌಡರ ಮುಖ ಕೆಂಡವಾಗಿತ್ತು. ಚೆನ್ನಾಚಾರಿಯ ಶೆಡ್ಡಿನ ಮುಂದೆ ಇಪ್ಪತ್ತು ಮೂವತ್ತು ಜನ ಸೇರಿದರು. ಅವರಲ್ಲಿ ಮೋಟಾರು ಇಟ್ಟುಕೊಂಡಿದ್ದ ನಾಲ್ಕೈದು ಸಾಹುಕಾರರೂ ಇದ್ದರು.

“ಏನಯ್ಯಾ ಆಚಾರಿ, ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿ ಕಾರನ್ನೇ ಕೊಂದ್‌ಬುಟ್ಟಲ್ಲ!” ಎಂದರು ಗೌಡರು.

ಆಚಾರಿ ರೇಡಿಯೇಟರ್ ಬಿಚ್ಚಿದರು. ಒಂದು ಕೊಳವೆಯೊಳಗೆ ತಂತಿ ಹಾಕಿ ಎಳೆದರು. ಕಂದು ಬಣ್ಣದ ಉಂಡೆ ಬಂತು. ಬೆರಳಲ್ಲಿ ಹೊಸಕಿದರು, ಮೂಸಿದರು, ಕೊನೆಗೆ ನಾಲಿಗೆಯ ತುದಿಗೂ ಇಟ್ಟುಕೊಂಡರು.

“ಗೌಡ್ರೇ, ಇದು ರಾಗಿ.”

ಗೌಡರು ಹೇಳಿದರು: “ಓ! ನನ್ನ ಕಾರು ಮುದ್ದೆ ಉಣ್ತದೇನಯ್ಯಾ?”

ಶೆಡ್ಡೇ ಹಾರಿಹೋಗುವಂತೆ ನಕ್ಕರು. “ಸಾರು ಎಂತದಿತ್ತು ಕೇಳಿ ಆಚಾರ್ರೆ!” ಎಂದು ಒಬ್ಬ. “ಬಸ್ಸಾರು ಕಣ್ಲಾ, ಬಸ್ಸಿಗೆ ಮಾಡಿದ್ದು ಕಾರಿಗೆ ಬಡಿಸವ್ರೆ!” ಎಂದು ಇನ್ನೊಬ್ಬ. ಆಚಾರಿ ನಗಲಿಲ್ಲ. ನನ್ನ ಕಡೆ ತಿರುಗಿ, “ನಿಂಗಯ್ಯನ್ನ ಒಂದ್ ಮಾತು ಕೇಳಿ, ಗೌಡ್ರೇ” ಎಂದರು.

“ಲೇ ನಿಂಗ, ಅದ್ರೊಳೀಕೆ ಏನಾರ ಆಕಿದ್ಯೇನ್ಲಾ?”

“ಇಲ್ಲ ಗೌಡ್ರೇ. ನೀರು ಬುಟ್ಟು ಇನ್ನೇನೂ ಆಕಿಲ್ಲ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ತವರ ಇಲ್ಲ ಅಂದಿದ್ರು. ಬೆಸುಗೆ ಜಾಗಕ್ಕೆ ಏನ್ ಮೆತ್ತವ್ರೋ ಅವ್ರಿಗೇ ಗೊತ್ತು” ಎಂದೂ ಸೇರಿಸಿದೆ. ಅವರು ನಂಬಿ ನನಗೆ ಹೇಳಿದ್ದ ನಿಜವನ್ನೇ ಹಿಡಿದು ಅವರಿಗೆ ಹೊಡೆದೆ.

ಅವರು ನನ್ನನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಅದು — ಕೆಟ್ಟ ಇಂಜಿನ್ನಿನ ಒಳಗೆ ಬಗ್ಗಿ ಎಲ್ಲಿ ಹೋಗಿದೆ ಎಂದು ಹುಡುಕುತ್ತಾರಲ್ಲ, ಆ ನೋಟ.

ಅವತ್ತಿನಿಂದ ಅವರಿಗೆ ರಾಗಿ ಆಚಾರಿ ಎಂದು ಹೆಸರಾಯಿತು. ಶೆಡ್ಡಿನ ಮುಂದೆ ಹೋಗುವವರು, “ಮುದ್ದೆ ಬೆಂದದಾ?” ಎಂದು ಕೂಗಿ ಹೋಗುತ್ತಿದ್ದರು. ನಕ್ಕ ಸಾಹುಕಾರರು ಮತ್ತೆ ಆ ಬಾಗಿಲಿಗೆ ಮೋಟಾರು ತರಲಿಲ್ಲ. ವರ್ಷ ತುಂಬುವುದರೊಳಗೆ ಶೆಡ್ಡಿಗೆ ಬೀಗ ಬಿತ್ತು. ಊರು ಬಿಟ್ಟರು ಎಂದಷ್ಟೇ ಕೇಳಿದೆ. ನಾನು ಗೌಡರಲ್ಲೇ ಉಳಿದೆ. ಈಗ ಅವರ ಲಾರಿ ಓಡಿಸುತ್ತೇನೆ.

ಮೊಮ್ಮಗಳಿಗೆ ತೊಟ್ಟಿಲು ಕೊಡಬೇಕಾದವರು ತಾಯಿಯ ತವರಿನವರು. ಕಿರುಗಾವಲಿನ ನಮ್ಮ ಬೀಗರು, “ಮಳವಳ್ಳಿಲಿ ಒಬ್ಬ ಆಚಾರಿ ಅವ್ರೆ, ಅವ್ರಂಗೆ ತೊಟ್ಲು ಮಾಡೋರಿಲ್ಲ. ಯೇಳಿವ್ನಿ, ಓಗಿ ತಗಂಡ್ ಬನ್ನಿ” ಎಂದರು. ಮೊನ್ನೆ ಕುಣಿಯುತ್ತಾ ಹೋದೆ. ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಕೂಸಿನ ಆಕಳಿಕೆ ಮಾಡಿ ತೋರಿಸಿದೆ. ಅಂಗಡಿಯೊಳಗೆ ಕಾಲಿಟ್ಟೆ — ಉಳಿ ಹಿಡಿದು ಕೂತಿದ್ದವರು ಚೆನ್ನಾಚಾರಿ.

“ಬಾ ನಿಂಗಯ್ಯ. ತಾತ ಆದ್ಯಂತೆ. ಕೂಸು, ಬಾಣಂತಿ ಸಂದಾಗವ್ರಾ?”

ತಲೆಯಾಡಿಸಿದೆ. ಅವರು ತೊಟ್ಟಿಲನ್ನು ತಂದು ನನ್ನ ಮುಂದಿಟ್ಟರು. ಹಲಸಿನ ಮರ, ಅಂಚೆಲ್ಲ ಬೆಣ್ಣೆಯ ಹಾಗೆ ನಯ, ನಾಲ್ಕು ಮೂಲೆಗೂ ಗಿಳಿ.

“ಕೈ ಆಡ್ಸಿ ನೋಡು. ಸಿಬಿರು ಗಿಬಿರು ಏನಾರ ಇದ್ರೆ ಇಲ್ಲೇ ಯೇಳ್‌ಬುಡು. ಈಗ್ಲೇ ಸರಿ ಮಾಡ್ ಕೊಡ್ತೀನಿ.”

ಚುಚ್ಚಿ ಹೇಳಿದರೋ ಎಂದು ಮುಖ ನೋಡಿದೆ. ಇಲ್ಲ. ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ್ದರು. ಅಷ್ಟರಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು, “ರಾಗಿ ಆಚಾರ್ರೇ, ನಮ್ಮ ಬಿತ್ತೋ ಕೂರಿಗೆ ಆಯ್ತಾ?” ಎಂದಳು. “ನಾಳೀಕ್ ಬಾರವ್ವ” ಎಂದರು ಅವರು, ತಲೆ ಎತ್ತದೆ. ಹೊರಗೆ ಬಂದು ಆ ಹೆಂಗಸನ್ನು ಕೇಳಿದೆ, ಅವರಿಗೆ ಯಾಕೆ ಆ ಹೆಸರು ಎಂದು. “ನಂಗೇನ್ ಗೊತ್ತಣ್ಣ? ಎಲ್ರೂ ಅಂಗೇ ಅಂತಾರೆ, ನಾನೂ ಅಂತೀನಿ.”

ಶೆಡ್ಡು ಹೋಯಿತು, ಕಲಿತ ಕೆಲಸ ಹೋಯಿತು, ಊರು ಹೋಯಿತು. ಹೆಸರು ಮಾತ್ರ ಬೆನ್ನು ಹತ್ತಿ ಹೋಗಿದೆ. ಅದು ನಾನು ಕೊಟ್ಟದ್ದು. ಆದರೂ ಅವತ್ತು ಏನೂ ಹೇಳದೆ, ತೊಟ್ಟಿಲನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಮನೆಗೆ ಬಂದೆ. ಎರಡನೇ ಸಲವೂ ನಿಜ ಬಚ್ಚಿಟ್ಟೆ.

ನಿನ್ನೆ ಕೆಂಪಮ್ಮನಿಗೆ ಎಲ್ಲ ಹೇಳಿದೆ. “ಆವತ್ತು ರಾಗಿ ಇಟ್ಟು ಕಮ್ಮಿಯಾಗಿತ್ತು ಅಂತ ನಾನು ನಿಮ್ಮ ತಂಗಿ ಮ್ಯಾಲೆ ಅನುಮಾನ ಪಟ್ಟಿದ್ದೆ ಕಣಿ” ಎಂದಳು. ಆಮೇಲೆ ತೊಟ್ಟಿಲಿಗೆ ಹಾಸಿದ್ದ ಬಟ್ಟೆ ತೆಗೆದು ಮಡಿಸಿಟ್ಟಳು. “ಓಗಿ ಯೇಳ್ ಬನ್ನಿ. ಅಲ್ಲೀಗಂಟ ಕೂಸು ನನ್ನ ಮಡ್ಲಲ್ಲೇ ಇರ್ಲಿ.”

ಇವತ್ತು ಬೆಳಗ್ಗೆ ಗೌಡರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ಹೇಳಿದೆ. ಮೊದಲು ಅರ್ಥವಾಗಲಿಲ್ಲ, ಆದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಿಜವಾಗ್ಲೂ ರಾಗಿನೇ ಏನ್ಲಾ! ಓಗ್ಲಿ ಬುಡು, ಆ ಕಾರೂ ಓಯ್ತು, ಆ ಆಚಾರಿನೂ ಓದ.”

“ಓಗಿಲ್ಲ ಗೌಡ್ರೇ, ಮಳವಳ್ಳೀಲವ್ರೆ. ಸುಕ್ರವಾರ ಕೂಸಿಗೆ ಎಸರಿಡ್ತೀವಿ, ನೀವು ಬತ್ತೀರಲ್ಲ. ಅವ್ರನ್ನೂ ಕರೀತೀನಿ. ಅವತ್ತು ನೀವು ನಕ್ಕಿದ್ದು ತಪ್ಪಾಯ್ತು ಅಂತ ಅವ್ರಿಗೆ ಒಂದ್ ಮಾತು —”

ನಗು ನಿಂತಿತು. “ನಾನ್ಯಾಕ್ಲಾ ಅನ್ಲಿ? ಕೇಳ್ದೋನು ನಾನು. ಸುಳ್ಳು ಯೇಳ್ದೋನು ನೀನು.”

ಮನೆಗೆ ಬರುತ್ತಾ ದಾರಿಯುದ್ದಕ್ಕೂ ಗೌಡರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅರ್ಧ ಭಾರ ಅವರ ಹೆಗಲಿಗೆ ದಾಟಿಸೋಣ ಎಂದು ಹೋಗಿದ್ದೆ, ಅವರು ತೆಗೆದುಕೊಳ್ಳಲಿಲ್ಲ. ಸರಿಯೇ ಮಾಡಿದರು.

ನಾಳೆ ಮಳವಳ್ಳಿಯಲ್ಲಿ ಸಂತೆ. ಮೊದಲನೇ ಬಸ್ಸಿಗೆ ಹೋದರೆ ಅಂಗಡಿ ತೆರೆಯುವ ಹೊತ್ತಿಗೆ ಸಿಗುತ್ತಾರೆ, ಒಬ್ಬರೇ ಇರುತ್ತಾರೆ, ಮೆಲ್ಲಗೆ ಹೇಳಿ ಬಂದುಬಿಡಬಹುದು. ಹಾಗೆ ಹೋಗುವುದಿಲ್ಲ. ಸಂತೆ ತುಂಬಿ, ಕೂರಿಗೆಯವರು, ನೇಗಿಲಿನವರು ಅಂಗಡಿಯ ಮುಂದೆ ನೆರೆದ ಮೇಲೆ ಹೋಗುತ್ತೇನೆ. ಆ ಹೆಸರು ಕೂಗುವವರು ಎಷ್ಟು ಜನ ಇರುತ್ತಾರೋ ಅಷ್ಟೂ ಜನಕ್ಕೆ ಕೇಳಿಸುವ ಹಾಗೆ, ರಾಗಿ ಹಾಕಿದವನು ನಾನು, ಅವರು ಅಂದದ್ದು ನಿಜ ಎಂದು ಹೇಳುತ್ತೇನೆ. ಶುಕ್ರವಾರ ಬನ್ನಿ ಎಂದು ಕರೆಯುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ — ಕೇಳಿದರೆ ಅವರು ಏನಾದರೂ ಉತ್ತರ ಕೊಡಲೇಬೇಕಾಗುತ್ತದೆ, ಅಷ್ಟು ಜನದ ಮುಂದೆ. ಒಂದು ಸಲ ಅವರನ್ನು ಹಾಗೆ ನಿಲ್ಲಿಸಿದ್ದು ಸಾಕು.