ಸಹಿಯಿಲ್ಲದ ಮೂರು ಸಾಲುಗಳು

ಇಂಥ ಅನುಭವಗಳನ್ನು ಹೇಳಿಕೊಳ್ಳುವವರು ಎದುರು ಕೂತರೆ ಮೊದಲು ಅವರ ನಾಡಿ ಹಿಡಿದು ನೋಡುವುದು ನನ್ನ ಪದ್ಧತಿಯಾಗಿತ್ತು. ನಲವತ್ತು ವರ್ಷ ನರ್ಸ್ ಆಗಿದ್ದವಳು ನಾನು, ಅದರಲ್ಲಿ ಹದಿನೆಂಟು ವರ್ಷ ಗಲ್ಫಿನಲ್ಲಿ. ವಾರ್ಡಿನಲ್ಲಿ ಬಿಳಿ ಆಕೃತಿ ಕಂಡಿತು ಎಂದು ಓಡಿಬಂದ ಹುಡುಗಿಯರಿಗೆ ನಾನು ಕೊಡುತ್ತಿದ್ದ ಮದ್ದು ಒಂದೇ: ಒಂದು ಲೋಟ ಲಿಂಬೆ ಶರಬತ್ತು, ಮರುದಿನವೂ ಅದೇ ಪಾಳಿ. ಬಿಳಿ ಆಕೃತಿ ಎಂದರೆ ಹೆಚ್ಚಾಗಿ ಒಣಗಲು ಹಾಕಿದ ಬೆಡ್‌ಶೀಟ್ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಈಗಲೂ ಹೆಚ್ಚುಕಡಿಮೆ ಅದೇ. ಆ ‘ಹೆಚ್ಚುಕಡಿಮೆ’ ಎಂಬ ಶಬ್ದ ಎಲ್ಲಿಂದ ಬಂತು ಎಂಬುದನ್ನು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಓದುಗರು ಕತ್ತಲೆ, ನಾಯಿ ಊಳಿಡುವುದು ಇತ್ಯಾದಿಗಳನ್ನು ನಿರೀಕ್ಷಿಸಬಾರದು. ಇದು ನಡೆದದ್ದು ಕೊಟ್ಟಾರದಲ್ಲಿ, ಹಾಡಹಗಲು, ಹೆದ್ದಾರಿಯ ಹಾರ್ನ್‌ಗಳ ನಡುವೆ.

ಗಲ್ಫಿನಿಂದ ಬಂದ ಮೇಲೆ ಅಲ್ಲಿನ ಒಂದು ಚಿಕ್ಕ ವೃದ್ಧರ ಆರೈಕೆ ಮನೆಯಲ್ಲಿ ಉಸ್ತುವಾರಿ ನರ್ಸ್ ಆಗಿ ಸೇರಿದೆ. ಕೆಳಗೆ ಎಂಟು ಹಾಸಿಗೆ, ಮೇಲೆ ಎರಡು. ನನ್ನ ಒಂದು ಹೆಮ್ಮೆಯನ್ನು ಮರೆಮಾಚದೆ ಹೇಳುತ್ತೇನೆ: ನಾನು ಸೇರಿದ ಮೇಲೆ ಅಲ್ಲಿ ಒಬ್ಬರಿಗೂ ಹಾಸಿಗೆ ಹುಣ್ಣು ಆಗಿರಲಿಲ್ಲ. ಮಲಗಿದಲ್ಲೇ ಇರುವವರನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಮೂಳೆಯ ಮೇಲಿನ ಚರ್ಮ ಮೊದಲು ಕೆಂಪಾಗುತ್ತದೆ, ಮತ್ತೆ ಒಡೆಯುತ್ತದೆ. ಒಡೆದ ಮೇಲೆ ವಾಸಿಯಾಗಲು ತಿಂಗಳುಗಳು ಬೇಕು. ಕೆಲವರಿಗೆ ಅಷ್ಟು ತಿಂಗಳು ಉಳಿದಿರುವುದಿಲ್ಲ. ಅದಕ್ಕೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದ್ದನ್ನು ಚಾರ್ಟಿನಲ್ಲಿ ಬರೆದು ಸಹಿ ಹಾಕಬೇಕು. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ, ತಪ್ಪದೆ ಮಾಡುವುದೇ ವಿದ್ಯೆ.

ಇದನ್ನು ನನಗೆ ಕಲಿಸಿದವರು ಎಮಿಲಿಯಾ ಸಿಸ್ಟರ್. ಸಿಸ್ಟರ್ ಎಂದರೆ ಇಲ್ಲಿ ಕನ್ಯಾಸ್ತ್ರೀ ಅಲ್ಲ. ನರ್ಸ್, ನಮ್ಮ ನರ್ಸಿಂಗ್ ಶಾಲೆಯ ಟೀಚರ್. ಮದುವೆಯಾಗಲಿಲ್ಲ. ಪುರುಸೊತ್ತು ಸಿಗಲಿಲ್ಲ ಎಂದು ಅವರೇ ಹೇಳುತ್ತಿದ್ದದ್ದು. ಮಗ್ಗುಲು ಬದಲಿಸಿದ ಮೇಲೆ ಅವರು ಮುಂಗೈಯ ಬೆನ್ನಿನಿಂದ ಹಾಸಿಗೆಯನ್ನು ಸವರಿ ನೋಡುತ್ತಿದ್ದರು. ಒಂದು ಸುಕ್ಕು ಸಿಕ್ಕಿದರೆ ಇಡೀ ಕೆಲಸ ಮೊದಲಿನಿಂದ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಸುರುಳಿ ಸುತ್ತಿದ ಟವೆಲ್ ಇಡಬೇಕು. ಮತ್ತೆ ದಿಂಬಿನ ಕವರಿನ ತೆರೆದ ಬದಿ ಎಂದಿಗೂ ಬಾಗಿಲಿಗೆ ಮುಖ ಮಾಡಬಾರದು. ಯಾಕೆ ಎಂದು ಕೇಳಿದವಳು ನಾನೊಬ್ಬಳೇ. “ಬಾಗಿಲಲ್ಲಿ ಬಂದು ನಿಂತವರಿಗೆ ಮೊದಲು ಕಾಣುವುದು ಅದು. ಒಳಗಿನ ಹತ್ತಿ ತೋರಿಸಿಕೊಂಡು ನೀನು ಮದುವೆಗೆ ಹೋಗ್ತೀಯಾ?” ಎಂದರು. ಆ ಸಂಜೆ ನಾನು ನಲವತ್ತು ದಿಂಬು ತಿರುಗಿಸಿದೆ.

ಆ ಎಮಿಲಿಯಾ ಸಿಸ್ಟರೇ ಪಾರ್ಶ್ವವಾಯು ಬಡಿದು ನಮ್ಮಲ್ಲಿಗೆ ಬಂದರು. ಬಲಭಾಗ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಎರಡು ವರ್ಷದಿಂದ ಅವರ ಕಾಲು ನೆಲ ಮುಟ್ಟಿರಲಿಲ್ಲ. ಮೇಲಿನ ಕೋಣೆಯಲ್ಲಿ ಬಾಗಿಲ ಬದಿಯ ಹಾಸಿಗೆ ಅವರದು. ಕಿಟಕಿಯ ಬದಿಯಲ್ಲಿ ಕುದ್ರೋಳಿಯ ಸುಂದರಿಯಕ್ಕ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಸೊಂಟದಿಂದ ಕೆಳಗೆ ಬಲವಿಲ್ಲ, ಸೊಂಟದಿಂದ ಮೇಲೆ, ಅದರಲ್ಲೂ ನಾಲಿಗೆಗೆ, ಯಾವ ಕೊರತೆಯೂ ಇಲ್ಲ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎಂದು ಕರೆಯುತ್ತಿದ್ದರು, ಎಮಿಲಿಯಾ ಸಿಸ್ಟರನ್ನು ದೊಡ್ಡ ಬಾಯಮ್ಮ ಎಂದು. ಮಾತಿಲ್ಲದ ದೊಡ್ಡ ಬಾಯಮ್ಮನೇ ಹೆಚ್ಚು ಬುದ್ಧಿವಂತೆ ಎಂಬುದು ಅವರ ತೀರ್ಮಾನ.

ಆ ವಾರ ಸುಂದರಿಯಕ್ಕನ ಬೆನ್ನಿನ ಬುಡದಲ್ಲಿ ಒಂದು ಕೆಂಪು ಕಲೆ ಕಂಡಿತ್ತು. ಸಕ್ಕರೆ ಕಾಯಿಲೆಯ ಮೈ, ಮೂಳೆಗೂ ಚರ್ಮಕ್ಕೂ ನಡುವೆ ಏನೂ ಇಲ್ಲ. ಡಾಕ್ಟರು, “ಇವರಿಗೆ ಹುಣ್ಣು ಆದರೆ ಮತ್ತೆ ಕಷ್ಟ” ಎಂದು ಹೇಳಿ ಹೋಗಿದ್ದರು. ಅಂಗಾತ ಮಲಗಿಸುವಂತಿಲ್ಲ; ಎಡ, ಬಲ, ಎಡ, ಬಲ, ಅಷ್ಟೆ. ಒಮ್ಮೆ ಆಯಾ ಒಬ್ಬಳು ಎತ್ತುವ ಬದಲು ಎಳೆದು ಚರ್ಮ ತರಚಿಸಿದ್ದಳು. ನಾನು ಆಗ ಮಾಡಿದ ಘನವಾದ ಆಜ್ಞೆ: ನಾನಿಲ್ಲದೆ ಸುಂದರಿಯಕ್ಕನನ್ನು ಯಾರೂ ಮುಟ್ಟಬಾರದು. ನನ್ನ ವಾಸವೂ ಅಲ್ಲೇ ಆದ್ದರಿಂದ ರಾತ್ರಿಯೂ ನಾನೇ ಎದ್ದು ತಿರುಗಿಸುತ್ತಿದ್ದೆ. ಎತ್ತುವುದು ಹೇಗೆ ಎಂದು ಕಲಿಸಿದ್ದರೆ ಮುಗಿಯುತ್ತಿತ್ತು. ಆದರೆ ಕಲಿಸುವುದಕ್ಕಿಂತ ಆಜ್ಞೆ ಮಾಡುವುದರಲ್ಲಿ ಒಂದು ಗಾಂಭೀರ್ಯ ಉಂಟು.

ಅದೇ ವಾರ ಸುರತ್ಕಲ್ ಕಡೆಯ ಒಂದು ನರ್ಸಿಂಗ್ ಕಾಲೇಜಿನಿಂದ ಉಪನ್ಯಾಸಕ್ಕೆ ಕರೆ ಬಂತು. ವಿಷಯ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರ ಮಹತ್ವ. ಅರ್ಧ ಗಂಟೆಯ ಕಾರ್ಯಕ್ರಮ ಎಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಸುಂದರಿಯಕ್ಕನನ್ನು ಎಡಮಗ್ಗುಲಿಗೆ, ಕಿಟಕಿಗೆ ಮುಖ ಮಾಡಿ ಮಲಗಿಸಿ, ಹನ್ನೆರಡಕ್ಕೆ ಬರುತ್ತೇನೆ ಎಂದು ಹೇಳಿ ಹೊರಟೆ.

ಅರ್ಧ ಗಂಟೆ ಎಂದರೆ ಪ್ರಾರ್ಥನೆ, ಸ್ವಾಗತ, ನನ್ನ ಪರಿಚಯ, ಪರಿಚಯ ಮಾಡಿದವರ ಪರಿಚಯ. ಶಾಲು, ಹಣ್ಣಿನ ಬುಟ್ಟಿ. ನಾನೂ ಒಂದು ಗಂಟೆ ಮಾತಾಡಿದೆ. ನಗಿಸಲಿಕ್ಕೆಂದು ದಿಂಬಿನ ಕತೆಯನ್ನೂ ಹೇಳಿದೆ. ಹುಡುಗಿಯರು ಚಪ್ಪಾಳೆ ತಟ್ಟಿ ನಕ್ಕರು. ಹೊರಗೆ ಇಗರ್ಜಿಯ ಹನ್ನೆರಡರ ಗಂಟೆ ಬಡಿಯಿತು. ಮರಳುವಾಗ ಕೂಳೂರು ಸೇತುವೆಯ ಮೇಲೆ ಒಂದು ಟ್ಯಾಂಕರ್ ಅಡ್ಡ ನಿಂತಿತ್ತು. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ. ಅಂದು ಪಾಳಿಯಲ್ಲಿದ್ದದ್ದು ಪ್ರಮೀಳಾ, ಲೀಲ ಎಂಬ ಇಬ್ಬರು ಆಯಾಗಳು. ನಾನು ಪ್ರಮೀಳಾಳಿಗೆ ಫೋನ್ ಮಾಡಿದೆ.

“ಮೇಡಂ, ನಾನು ಒಬ್ಬಳೇ ಇರುದು. ಲೀಲಕ್ಕ ಪೇಶಂಟ್ ಒಟ್ಟಿಗೆ ಆಂಬುಲೆನ್ಸಲ್ಲಿ ಹೋದರು. ಇಲ್ಲಿ ಕೆಳಗೆ ಮೂರನೇ ಬೆಡ್ಡಿನ ಮಾಸ್ಟ್ರಿಗೆ ಶುಗರ್ ಇಳಿದಿದೆ, ಬಿಟ್ಟು ಹೋಗುವ ಹಾಗಿಲ್ಲ.”

“ಮಾಸ್ಟ್ರು ಸರಿಯಾದ ಕೂಡಲೇ ಮೇಲೆ ಹೋಗಿ ಸುಂದರಿಯಕ್ಕನನ್ನು ಬಲಕ್ಕೆ ತಿರುಗಿಸು.”

“ಎಂತ ಮೇಡಂ, ನೀವೇ ಹೇಳಿದ್ದಲ್ವಾ ಮುಟ್ಟಬಾರದು ಅಂತ? ಚರ್ಮ ಹೋದರೆ ನನ್ನ ಚರ್ಮ ತೆಗೀತೀರಿ ನೀವು.”

“ಬೈಯುವುದಿಲ್ಲ, ತಿರುಗಿಸು” ಎಂದು ಹೇಳಿ ಫೋನ್ ಇಟ್ಟೆ. ಮೂರು ಗಂಟೆ ಆ ಸೇತುವೆಯ ಮೇಲೆ, ಹೆಗಲಲ್ಲಿ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತೆ. ಎಡಸೊಂಟದ ಆ ಮೂಳೆ, ಅದರ ಮೇಲಿನ ಕಾಗದದಂಥ ಚರ್ಮ, ಕಣ್ಣೆದುರು ಅದೇ. ಎಮಿಲಿಯಾ ಸಿಸ್ಟರ ಮೈಯಾದರೂ ಗಟ್ಟಿ, ತುಸು ತಡವಾದರೆ ತಾಳೀತು. ನಾನು ಹೆಚ್ಚು ಪ್ರಾರ್ಥನೆ ಮಾಡುವವಳಲ್ಲ. ಆದರೆ ಅಂದು ಮನಸ್ಸಿನಲ್ಲಿ, “ಸಿಸ್ಟರ್, ನೀವಾದರೂ ನೋಡಿಕೊಳ್ಳಿ” ಎಂದೆ. ದೇವರಿಗಲ್ಲ, ಎಮಿಲಿಯಾ ಸಿಸ್ಟರಿಗೆ. ಪಕ್ಕದ ಹಾಸಿಗೆಯಲ್ಲಿ ಇದ್ದವರು ಅವರು ತಾನೆ.

ಕೊಟ್ಟಾರ ಮುಟ್ಟುವಾಗ ನಾಲ್ಕು ಗಂಟೆ ಹತ್ತು ನಿಮಿಷ. ಪ್ರಮೀಳಾ ಬಾಗಿಲಲ್ಲೇ ಅಳುತ್ತಾ ನಿಂತಿದ್ದಳು. ಮೇಲೆ ಹೋಗಲು ಆಗಲೇ ಇಲ್ಲ, ಮಾಸ್ಟ್ರಿಗೆ ಎರಡು ಸಲ ಶುಗರ್ ಇಳಿಯಿತು ಎಂದಳು. ನಾನು ಮೆಟ್ಟಿಲು ಹತ್ತಿದೆ. ಆ ಮನೆಯಲ್ಲಿ ಮೇಲೆ ಹೋಗಲು ಇರುವುದು ಆ ಒಂದೇ ದಾರಿ.

ಸುಂದರಿಯಕ್ಕ ಬಲಮಗ್ಗುಲಲ್ಲಿ ಮಲಗಿದ್ದರು.

ಬೆನ್ನಿಗೆ ದಿಂಬು, ಮೊಣಕಾಲುಗಳ ನಡುವೆ ದಿಂಬು, ಹಿಮ್ಮಡಿಯ ಬಳಿ ಸುರುಳಿ ಟವೆಲ್. ಹಾಸಿಗೆಯನ್ನು ಮುಂಗೈಯ ಬೆನ್ನಿನಿಂದ ಸವರಿದೆ; ಒಂದು ಸುಕ್ಕೂ ಇರಲಿಲ್ಲ. ಎಡಸೊಂಟ ನೋಡಿದೆ, ಒತ್ತಿ ನೋಡಿದೆ. ಕೆಂಪಿನ ಗುರುತೂ ಇಲ್ಲ.

“ಯಾರು ತಿರುಗಿಸಿದ್ದು ಸುಂದರಿಯಕ್ಕ?”

“ಸಿಸ್ಟರ್. ಈಗ ತಾನೇ ಹೋದರಲ್ಲ, ಮೆಟ್ಟಿಲಲ್ಲಿ ಸಿಗಲಿಲ್ವಾ?”

“ಯಾವ ಸಿಸ್ಟರ್?”

“ನನಗೆ ಹೇಗೆ ಗೊತ್ತು? ಬೆನ್ನ ಹಿಂದೆ ನಿಂತೇ ಮಾಡ್ತಾರೆ. ಬೆನ್ನಲ್ಲಿ ನನಗೆ ಕಣ್ಣಿಲ್ಲ ಬಾಯಮ್ಮ. ತಿರುಗಿಸಿದ ಮೇಲೆ ತಲೆ ಸುತ್ತುತ್ತದೆ ಅಂತ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಯೇ ಇರ್ತೇನೆ. ಹನ್ನೆರಡರ ಗಂಟೆ ಬಡಿಯುವಾಗ ಒಮ್ಮೆ ಬಂದರು, ಎರಡಕ್ಕೆ ಒಮ್ಮೆ, ಈಗ ಒಮ್ಮೆ. ಕೈ ಮಾತ್ರ ಒಳ್ಳೆಯ ಕೈ. ನಿಮ್ಮ ಹಾಗೆ ಭಾಷಣ ಇಲ್ಲ.”

ಆಗ ಕಂಡಿತು ನನಗೆ: ತಲೆಯಡಿಯದೂ ಸೇರಿ ಆ ಹಾಸಿಗೆಯ ಮೂರೂ ದಿಂಬುಗಳ ತೆರೆದ ಬದಿ ಕಿಟಕಿಗೆ ತಿರುಗಿತ್ತು. ಬಾಗಿಲಿಗೆ ಒಂದೂ ಇಲ್ಲ. ನಾನು ಬೆಳಿಗ್ಗೆ ಹಾಗೆ ಇಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ, ಆ ನಿಯಮವನ್ನು ನಾನು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದೆ. ಸಭೆಯಲ್ಲಿ ನಗಿಸಲಿಕ್ಕೆ ಮಾತ್ರ ಇಟ್ಟುಕೊಂಡಿದ್ದೆ. ಪ್ರಮೀಳಾಳಿಗೂ ಲೀಲಳಿಗೂ ಅದು ಗೊತ್ತೇ ಇರಲಿಲ್ಲ.

ನಾನು ಎಮಿಲಿಯಾ ಸಿಸ್ಟರ ಕಡೆಗೆ ತಿರುಗಿದೆ. ಹಾಸಿಗೆಯ ಎರಡೂ ಬದಿಯ ಕಂಬಿಗಳು ಮೇಲೆ ಇದ್ದವು. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊದಿಕೆ ಸರಿಸಿ ಅವರ ಅಂಗಾಲುಗಳನ್ನು ನೋಡಿದೆ. ಎರಡು ವರ್ಷ ನೆಲ ಮುಟ್ಟದ ಕಾಲುಗಳು ಹೇಗಿರಬೇಕೋ ಹಾಗೆಯೇ ಇದ್ದವು, ಮಗುವಿನ ಪಾದದ ಹಾಗೆ ಮೆತ್ತಗೆ, ಧೂಳಿಲ್ಲದೆ. ಇಡೀ ಕೋಣೆಯಲ್ಲಿ ತೆರೆದ ಬದಿ ಬಾಗಿಲಿಗೆ ಮುಖ ಮಾಡಿದ ದಿಂಬು ಒಂದೇ ಇತ್ತು: ಅವರ ತಲೆಯಡಿಯದು. ಬೆಳಿಗ್ಗೆ ಗಡಿಬಿಡಿಯಲ್ಲಿ ನಾನೇ ಇಟ್ಟದ್ದು. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಅವರ ತಲೆಯನ್ನು ಎತ್ತಿ ಹಿಡಿದು ದಿಂಬನ್ನು ತಿರುಗಿಸಿಟ್ಟೆ. ಆಗ ಅವರು ಕಣ್ಣು ಮುಚ್ಚಿದರು. ತರಗತಿಯಲ್ಲಿ ಉತ್ತರ ಸರಿಯಾದರೆ ಅವರು ಹಾಗೆಯೇ ಮಾಡುತ್ತಿದ್ದದ್ದು. ಶಹಭಾಸ್ ಎಂದು ಬಾಯಲ್ಲಿ ಹೇಳಿದವರಲ್ಲ.

ತನಿಖೆ ಮಾಡದೆ ಬಿಡುವವಳು ನಾನಲ್ಲ. ಗೇಟಿನ ಕ್ಯಾಮರಾದಲ್ಲಿ ಹತ್ತರಿಂದ ನಾಲ್ಕರವರೆಗೆ ಆಂಬುಲೆನ್ಸ್ ಒಳಗೆ ಬಂದು ಹೋದದ್ದು, ಒಬ್ಬ ಕೊರಿಯರ್ ಮನುಷ್ಯ, ನಮ್ಮ ಬೆಕ್ಕು ಎರಡು ಸಲ, ಇಷ್ಟೇ ಇತ್ತು. ಲೀಲ ಮರಳಿದ್ದು ಐದಕ್ಕೆ. ಸುಂದರಿಯಕ್ಕ ಕನಸು ಕಂಡಿರಬಹುದು ಎಂದರೆ, ಕನಸಿನಲ್ಲಿ ಮಗ್ಗುಲು ಬದಲಾಗುವುದಿಲ್ಲ. ತಾವೇ ತಿರುಗಿಕೊಂಡಿರಬಹುದು ಎಂದರೆ, ಸೊಂಟದ ಕೆಳಗೆ ಬಲವಿಲ್ಲದವರು ತಮ್ಮ ಹಿಮ್ಮಡಿಗೆ ತಾವೇ ಟವೆಲ್ ಇಟ್ಟುಕೊಳ್ಳಲಾರರು. ಪ್ರಮೀಳಾ ಸುಳ್ಳು ಹೇಳಿರಬಹುದು ಎಂದರೆ, ಆಜ್ಞೆ ಪಾಲಿಸಿಲ್ಲ ಎಂದು ಸುಳ್ಳು ಹೇಳಿ ಬೈಗುಳ ತಿನ್ನುವವರನ್ನು ನಾನು ಇದುವರೆಗೆ ಕಂಡಿಲ್ಲ.

ಕೊನೆಗೆ ಚಾರ್ಟ್ ಉಳಿಯಿತು. ಮಾಡದ್ದನ್ನು ಬರೆಯಬಾರದು, ಮಾಡಿದ್ದನ್ನು ಬರೆಯದೆ ಬಿಡಬಾರದು, ಇದೂ ಎಮಿಲಿಯಾ ಸಿಸ್ಟರೇ ಕಲಿಸಿದ್ದು. ಕೂತು ಮೂರು ಸಾಲು ಬರೆದೆ. ಹನ್ನೆರಡು ಗಂಟೆ, ಬಲ. ಎರಡು ಗಂಟೆ, ಎಡ. ನಾಲ್ಕು ಗಂಟೆ, ಬಲ. ಸಹಿಯ ಜಾಗದಲ್ಲಿ ಪೆನ್ನು ನಿಂತಿತು. ನನ್ನ ಹೆಸರು ಹಾಕುವಂತಿರಲಿಲ್ಲ. ಅವರ ಹೆಸರು ಬರೆಯುವ ಧೈರ್ಯ ಬರಲಿಲ್ಲ. ಖಾಲಿ ಬಿಟ್ಟೆ.

ಮರುದಿನವೇ ಆಜ್ಞೆ ರದ್ದಾಯಿತು. ಪ್ರಮೀಳಾ, ಲೀಲ ಇಬ್ಬರನ್ನೂ ಆ ಕೋಣೆಗೆ ಕರೆದು, ಎಮಿಲಿಯಾ ಸಿಸ್ಟರ ಕಣ್ಣೆದುರೇ ಎತ್ತುವುದನ್ನು ಕಲಿಸಿದೆ. ಸುಕ್ಕು, ಟವೆಲ್, ದಿಂಬು ಎಲ್ಲ. ಪ್ರಮೀಳಾ ಈಗ ನನಗಿಂತ ಚೆನ್ನಾಗಿ ಎತ್ತುತ್ತಾಳೆ. ಇದನ್ನು ಅವಳಿಗೆ ನಾನಿನ್ನೂ ಹೇಳಿಲ್ಲ. ಸುಂದರಿಯಕ್ಕನ ಕೆಂಪು ಕಲೆ ಹತ್ತು ದಿನದಲ್ಲಿ ಮಾಯವಾಯಿತು. ಎಮಿಲಿಯಾ ಸಿಸ್ಟರ್ ಎಂಟು ತಿಂಗಳ ನಂತರ ಅದೇ ಹಾಸಿಗೆಯಲ್ಲಿ ತೀರಿಕೊಂಡರು. ಕೊನೆಯ ಸಲ ಅವರ ಮೈ ಒರೆಸಿದವಳು ನಾನು. ತಲೆಯಿಂದ ಹಿಮ್ಮಡಿಯವರೆಗೆ ಒಂದು ಕಲೆಯೂ ಇರಲಿಲ್ಲ. ನನಗೆ ಸಿಕ್ಕಿದ ಎಲ್ಲ ಶಾಲುಗಳನ್ನು ಒಟ್ಟು ಹಾಕಿದರೂ ಅದಕ್ಕೆ ಸಮ ಅಲ್ಲ.

ಅಂದು ನಡೆದದ್ದು ಏನೆಂದು ನನಗೆ ಈಗಲೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಿದರೆ ಕೇಳುತ್ತೇನೆ, ಅವರ ನಾಡಿಯನ್ನೂ ಹಿಡಿಯುವುದಿಲ್ಲ.

ಅದೇ ವರ್ಷ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಕನ್ನಡಕ ಏರಿಸಿ ಚಾರ್ಟಿನ ಮೇಲೆ ಬೆರಳಿಟ್ಟು, “ಇಲ್ಲಿ ಮೂರು ಸಹಿ ಇಲ್ಲವಲ್ಲ ಮೇಡಂ? ಯಾರ ಡ್ಯೂಟಿ ಇದು?” ಎಂದರು.

“ನಮ್ಮ ಸೀನಿಯರ್ ಸಿಸ್ಟರದು ಸರ್.”

“ಸೀನಿಯರ್‌ಗಳೇ ಹೀಗೆ ಮಾಡಿದರೆ ಹೇಗೆ? ಕೆಲಸ ಮಾಡಿದ್ದಾರೆ ಎಂದು ನಾನು ನಂಬುವುದು ಹೇಗೆ?”

ನಾನು ಅವರನ್ನು ಮೇಲೆ ಕರೆದುಕೊಂಡು ಹೋಗಿ, ಸುಂದರಿಯಕ್ಕನ ಹಾಸಿಗೆಯ ಪಕ್ಕ ನಿಲ್ಲಿಸಿದೆ.

“ಸಹಿ ಇಲ್ಲ ಸರ್,” ಎಂದೆ. “ಹುಣ್ಣೂ ಇಲ್ಲ.”