ದಿನ ತುಂಬದ ಕಲ್ಲಂಗಡಿ

ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ಊರಿನ ಕೂಸುಗಳನ್ನೆಲ್ಲ ಮೊದಲು ಕೈಗೆತ್ತಿಕೊಂಡು ನಿವೃತ್ತಳಾದ ನರ್ಸಮ್ಮ ಒಬ್ಬಳಿದ್ದಳು. ಹಾಲಿನವನಿಗೆ ಅವಳು ಸಿಸ್ಟರಮ್ಮ, ಪಕ್ಕದ ಮನೆಯ ವಕೀಲರಿಗೂ ಸಿಸ್ಟರಮ್ಮ. ನಿಜಕ್ಕೂ ಒಡಹುಟ್ಟಿದವಳು ಒಬ್ಬಳೇ ಅಕ್ಕ. ಆ ಅಕ್ಕ ಮಾತ್ರ ಅವಳನ್ನು "ಲೇ ಮಂಕೇ" ಎಂದೇ ಕರೆಯುತ್ತಿದ್ದಳು.

ಅಕ್ಕ ಶಾಲೆಯಲ್ಲಿ ಟೀಚರಾಗಿದ್ದವಳು. ತಂಗಿ ಅಕ್ಕರೆಯಿಂದ ಬರೆದ ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದ ಪುಣ್ಯಾತ್ಗಿತ್ತಿ. ತಂಗಿಗೆ ಅರವತ್ತು ದಾಟಿದರೂ "ಚೆನ್ನಾಗಿದೆ" ಎನ್ನುವ ಒಂದು ಮಾತು ಆ ಬಾಯಿಂದ ಉದುರಿರಲಿಲ್ಲ.

ಅದಕ್ಕೇ ಈ ಸಲ ಸಿಸ್ಟರಮ್ಮ ಹಟ ತೊಟ್ಟಿದ್ದಳು. ತಾರಸಿಯ ಮೇಲೆ, ಸೀಳುಬಿಟ್ಟ ಡ್ರಮ್ಮಿಗೆ ಮಣ್ಣು ತುಂಬಿ ಕಲ್ಲಂಗಡಿ ಬೀಜ ಊರಿದ್ದಳು. ಹೆಣ್ಣು ಹೂವು ಅರಳಿದ ಬೆಳಿಗ್ಗೆ ಗಂಡು ಹೂವೊಂದನ್ನು ಕಿತ್ತು ಮುಟ್ಟಿಸಿ, ನೀರಿನ ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದಳು. ಅಲ್ಲಿಂದ ನಲವತ್ತು ದಿನಕ್ಕೆ ಹಣ್ಣು. ನಿಂತದ್ದು ಒಂದೇ ಕಾಯಿ. ಹಳೆಯ ದಿಂಬಿನ ಚೀಲದಲ್ಲಿ ಅದಕ್ಕೆ ಜೋಲಿ ಕಟ್ಟಿದಳು. ಅಕ್ಕ ತಿಂದು ಒಂದು ಒಳ್ಳೆಯ ಮಾತಾಡಲಿ, ಅಷ್ಟೇ ಆಸೆ.

ಅಕ್ಕ ಬುಧವಾರ ಬಂದಳು, ಬ್ಯಾಗು ಇಳಿಸಿ ತಾರಸಿ ಹತ್ತಿದಳು.

"ಇದೇನೇ, ತೊಟ್ಟಿಲಿಗೆ ಹಾಕಿದೀಯ?"

"ಭಾರಕ್ಕೆ ತೊಟ್ಟು ಕಳಚ್ಕೊಳ್ಳತ್ತೆ ಅಕ್ಕಾ. ಸೋಮವಾರ ದಿನ ತುಂಬತ್ತೆ."

"ಶನಿವಾರ ಬೆಳಿಗ್ಗೆ ನನ್ನ ಬಸ್ಸು."

ಸಿಸ್ಟರಮ್ಮ ಟ್ಯಾಂಕಿನ ಮೇಲಿನ ತಾರೀಕಿನತ್ತ ತಿರುಗಿ ಮತ್ತೆ ಬೆರಳು ಮಡಿಸಿ ಎಣಿಸಿದಳು. ಅಕ್ಕ ಬಗ್ಗಿ, ಎಷ್ಟೋ ತಲೆಗಳಿಗೆ ಮೊಟಕಿ ಪಳಗಿದ ಗೆಣ್ಣಿನಿಂದ ಕಾಯಿಗೆ ಎರಡು ಬಿಟ್ಟಳು.

"ಟಣ್ ಅಂದ್ರೆ ಕಾಯಿ, ದಬ್ ಅಂದ್ರೆ ಹಣ್ಣು. ಇದು ದಬ್ ಅಂತಿದೆ. ಕುಯ್ಯಿ."

"ಟಣ್ ಅಂತಿದೆ."

"ನಂಗೇ ಪಾಠ ಹೇಳ್ತೀಯಾ? ಮೂವತ್ತು ವರ್ಷ ಮೊಟಕಿದೀನಿ ಕಣೇ!"

"ಒಂದಾದ್ರೂ ಹಣ್ಣಾಯ್ತಾ?"

ಅಕ್ಕ ಮುಖ ತಿರುಗಿಸಿ ಕೆಳಗಿಳಿದಳು.

ಕಲ್ಲಂಗಡಿಯದೊಂದು ಮೊಂಡುತನವಿದೆ. ಬಾಳೆಕಾಯಿಯ ಹಾಗೆ ಕಿತ್ತಿಟ್ಟ ಮೇಲೆ ಹಣ್ಣಾಗುವ ಜಾತಿಯಲ್ಲ. ಬಳ್ಳಿ ಬಿಟ್ಟಾಗ ಎಷ್ಟು ಸಿಹಿಯೋ ಅಷ್ಟೇ. ತೊಟ್ಟಿನ ಬುಡದ ಸುರುಳಿ ಎಳೆ ಕಂದಾಗಿ ಒಣಗಬೇಕು, ಆಗ ಚಾಕು. ಆ ಎಳೆ ಹಸಿರು ಹಸಿರಾಗಿ, ಟೆಲಿಫೋನಿನ ವೈರಿನಂತೆ ಸುತ್ತಿಕೊಂಡು ಕೂತಿತ್ತು. ಸಿಸ್ಟರಮ್ಮ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿದಳು, ಉಫ್ ಉಫ್ ಎಂದು ಊದಿದಳು, "ಒಣಗೇ ನಮ್ಮವ್ವಾ" ಎಂದು ಗೋಗರೆದಳು. ಹಿಂದೆ ಹೆರಿಗೆ ಕೋಣೆಯ ಬಾಗಿಲಲ್ಲಿ ಶತಪಥ ಹಾಕುತ್ತಿದ್ದ ಗಂಡಂದಿರು, "ಸಿಸ್ಟರ್, ನನ್ನ ರಜ ಮುಗಿಯತ್ತೆ, ಇವತ್ತೇ ಆಗಲ್ವಾ?" ಎಂದರೆ, "ಕೂಸಿಗೆ ನಿಮ್ಮ ರಜಾಚೀಟಿ ಓದಕ್ಕೆ ಬರಲ್ಲ" ಎಂದು ಗದರಿ ಕೂರಿಸುತ್ತಿದ್ದವಳು ಇವಳೇ!

ಶನಿವಾರ ಬೆಳಿಗ್ಗೆ ಚಾಕು ಹಿಡಿದು ಹೋದಳು. ತೊಟ್ಟಿನ ಮೇಲೆ ಇಟ್ಟದ್ದೂ ಆಯಿತು. ಕೈ ಮಾತ್ರ ಮುಂದೆ ಹೋಗಲಿಲ್ಲ. ಕೆಳಗಿಳಿದು ಬಂದು, ಬ್ಯಾಗು ಹೆಗಲಿಗೇರಿಸಿ ನಿಂತಿದ್ದ ಅಕ್ಕನಿಗೆ ಹೇಳಿದಳು:

"ನಿಂಗೆ ಹಣ್ಣಿಲ್ಲ ಅಕ್ಕಾ. ದಿನ ತುಂಬಿಲ್ಲ. ನೀನು ಏನಾದ್ರೂ ಅನ್ಕೋ, ನಾನು ಕುಯ್ಯಲ್ಲ."

ಅಕ್ಕ ಅವಳ ಕೈಲಿದ್ದ ಚಾಕು ನೋಡಿದಳು, ಕೆಂಪೇರಿದ ಕಣ್ಣು ನೋಡಿದಳು. ಬ್ಯಾಗು ಕೆಳಗಿಟ್ಟು ಚಪ್ಪಲಿ ಬಿಚ್ಚತೊಡಗಿದಳು.

"ನಮ್ಮ ಅಳಿಯಂಗೆ ಫೋನ್ ಮಾಡು. ಹೆರಿಗೆ ಮುಗಿಸ್ಕೊಂಡು ಬರ್ತಾಳಂತೆ ಅನ್ನು."

"ಯಾರ ಹೆರಿಗೆ ಅಂತ ಕೇಳಿದ್ರೆ?"

"ನಿಂದೇ ಅನ್ನು. ಗಾಬರಿಯಾಗ್ಲಿ."

ಸೋಮವಾರ ಬಂತು, ಎಳೆ ಒಣಗಲಿಲ್ಲ. "ಎಲ್ಲೇ ನಿನ್ನ ಲೆಕ್ಕ?" ಎಂದು ಅಕ್ಕ ಕುಟುಕಿದರೆ, "ಚೊಚ್ಚಲು, ಒಂದೆರಡು ದಿನ ಹಿಂದುಮುಂದಾಗತ್ತೆ" ಎಂದು ತಂಗಿ ಗಟ್ಟಿಯಾಗಿ ಕೂತಳು. ಬುಧವಾರ ಬೆಳಿಗ್ಗೆ ನೋಡಿದರೆ ಸುರುಳಿ ಒಣಗಿದ ದಾರದಂತೆ ಗರಿಗರಿ.

ಅಡುಗೆಮನೆಯ ಕಟ್ಟೆಯ ಮೇಲೆ ಚಾಕು ತಗುಲಿದ್ದೇ ತಡ, ಹಣ್ಣು ಪಟ್ಟೆಂದು ತಾನಾಗಿ ಬಿರಿಯಿತು. ಒಳಗೆ ಕೆಂಪಂದರೆ ಕೆಂಪು.

ಅಕ್ಕ ಒಂದು ಹೋಳು ತಿಂದಳು. ಮಾತಿಲ್ಲ. ಎರಡನೆಯದು ತಿಂದಳು. ಮಾತಿಲ್ಲ. ಸಿಸ್ಟರಮ್ಮ ನಿಂತೇ ಇದ್ದಳು. ಮೂರನೆಯದು ಮುಗಿಸಿ ಅಕ್ಕ ಬಾಯಿ ಬಿಟ್ಟಳು.

"ಬೀಜ ಜಾಸ್ತಿ."

"ಇನ್ನೇನಾದ್ರೂ ತಪ್ಪಿದ್ಯಾ?"

ಅಕ್ಕನ ಮೊಣಕೈವರೆಗೆ ರಸ ಇಳಿಯುತ್ತಿತ್ತು.

"ತಡಿಯೇ, ಹುಡುಕ್ತಿದೀನಿ" ಎನ್ನುತ್ತ ನಾಲ್ಕನೆಯ ಹೋಳಿಗೆ ಕೈ ಹಾಕಿದಳು.